ಮಗಳಿಗೆ ಕೊಟ್ಟ ಎರಡು ವರ್ಷ



ನಿಮ್ಮ ಬೀದಿಯಲ್ಲೋ, ಬಹುಶಃ ನಿಮ್ಮ ಮನೆಯಲ್ಲೋ, ಡಿಗ್ರಿ ಮುಗಿಸಿ "ಕೆ.ಎ.ಎಸ್. ಮಾಡ್ತೀನಿ", "ಪಿ.ಎಸ್.ಐ. ಆಗ್ತೀನಿ" ಎಂದು ಹಟ ಹಿಡಿದ ಹುಡುಗಿ ಒಬ್ಬಳಿರಬಹುದು. ಅವಳ ಬ್ಯಾಗಿಗೆ ಚಟ್ನಿಪುಡಿ, ಉಪ್ಪಿನಕಾಯಿ ಡಬ್ಬಿ ತುಂಬಿ ಬೆಂಗಳೂರಿನ ಬಸ್ಸು ಹತ್ತಿಸಿದ ತಾಯಿ ನೀವಾಗಿದ್ದರೆ, ಆ ಹುಡುಗಿ ಕೊನೆಗೆ ಬಂದು ಸೇರುವ ಜಾಗ ಯಾವುದೆಂದು ನಾನು ಊಹಿಸಬಲ್ಲೆ. ನಮ್ಮ ವಿಜಯನಗರವೇ!

ಅತ್ತಿಗುಪ್ಪೆ, ಚಂದ್ರಾ ಲೇಔಟ್, ಹಂಪಿನಗರ, ಎತ್ತ ನೋಡಿದರೂ ಕೋಚಿಂಗ್ ಸೆಂಟರಿನ ಬೋರ್ಡುಗಳು. ಒಂದು ಮನೆ ಬಿಟ್ಟು ಒಂದು ಮನೆ ಪಿ.ಜಿ. ನೋಟ್ಸ್ ಜೆರಾಕ್ಸ್ ಮಾಡುವ ಅಂಗಡಿಗಳ ಮುಂದೆ ದೇವಸ್ಥಾನದಲ್ಲಿ ಪ್ರಸಾದಕ್ಕೆ ನಿಂತ ಹಾಗೆ ಸಾಲು. ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂರಲು ಜಾಗ ಸಿಗಬೇಕಾದರೆ ಬೆಳಗ್ಗೆ ಬೇಗ ಹೋಗಬೇಕು. ರಾಯಚೂರು, ಕಲಬುರಗಿ, ವಿಜಯಪುರ, ಕೊಪ್ಪಳದ ಮಕ್ಕಳು ಇಲ್ಲಿ ಎಷ್ಟು ಬಂದು ತುಂಬಿದ್ದಾರೆಂದರೆ, ಇಪ್ಪತ್ತು ವರ್ಷದ ಹಿಂದೆ ನಮ್ಮ ಕಡೆ ಹುಡುಕಿದರೂ ಸಿಗದಿದ್ದ ಜೋಳದ ರೊಟ್ಟಿ ಈಗ ಪ್ರತಿ ತಿರುವಿನ ಮೆಸ್ಸಿನಲ್ಲೂ ಸಿಗುತ್ತದೆ.

ನಮ್ಮ ಮನೆಯ ಮಹಡಿಯ ಮೇಲಿನ ಎರಡು ಕೋಣೆಗಳನ್ನು ಓದುವ ಹೆಣ್ಣುಮಕ್ಕಳಿಗೇ ಬಾಡಿಗೆಗೆ ಕೊಡುತ್ತ ಬಂದಿದ್ದೇವೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ಆದರೆ ಅವರು ಬಟ್ಟೆ ಒಣಗಿಸುತ್ತ, ನಲ್ಲಿ ಹತ್ತಿರ ನಿಂತು ಮಾತಾಡುವುದನ್ನು ಕೇಳಿ ಕೇಳಿ ಪ್ರಿಲಿಮ್ಸ್ ಯಾವುದು, ಮೇನ್ಸ್ ಯಾವುದು, ರೋಸ್ಟರ್ ಎಂದರೇನು ಎಂಬುದೆಲ್ಲ ನನಗೂ ಬಾಯಿಪಾಠವಾಗಿದೆ.

ಅವರಲ್ಲಿ ಸಿಂಧನೂರು ಕಡೆಯ ಹುಡುಗಿ ಒಬ್ಬಳು. ಬರುವಾಗ ಅವಳ ತಂದೆ ನನ್ನ ಎದುರಿಗೇ ಹೇಳಿದ್ದರು: "ಎರಡು ವರ್ಷ ಓದವ್ವಾ. ಆಮ್ಯಾಲ ನಾವು ಹೇಳಿದಂಗ ಕೇಳಬೇಕು." ಕೆಟ್ಟ ತಂದೆಯಲ್ಲ. ಮಗಳನ್ನು ಇಷ್ಟು ದೂರ ಕಳಿಸಿದವರು. ಎರಡು ವರ್ಷ ಎಂದರೆ ಅವರ ಪಾಲಿಗೆ ಎರಡು ಬೆಳೆಯ ದುಡ್ಡು.

ಅವಳು ಅರ್ಜಿ ಹಾಕಿದ ಪರೀಕ್ಷೆ ಒಂದು ಸಲ ಮುಂದೆ ಹೋಯಿತು. ಆಮೇಲೆ ನಡೆಯಿತು, ಆಮೇಲೆ ರದ್ದಾಯಿತು. ಯಾವ ಪರೀಕ್ಷೆ ಎಂಬುದು ಇಲ್ಲಿ ಬೇಡ. ಆ ದಿನ ನಾನು ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತ ಕೂತಿದ್ದೆ. ಅವಳು ಇಳಿದು ಬಂದು ಎದುರಿಗೆ ಕೂತು ತಾನೂ ಬಿಡಿಸತೊಡಗಿದಳು. ಅರ್ಧ ಗಂಟೆ ಮಾತಿಲ್ಲ. ಆಮೇಲೆ, "ಆಂಟಿ, ಪರೀಕ್ಷಾ ಇನ್ನೊಮ್ಮೆ ಬರೀತೀನ್ರೀ, ಅದಕ್ಕೇನಿಲ್ಲ. ನಮ್ಮಪ್ಪಗ ಏನ್ ಹೇಳ್ಲಿ? ಎರಡು ವರ್ಷ ಮುಗೀತಲ್ರೀ" ಅಂದಳು.

ಅದೇ ಪರೀಕ್ಷೆ ಬರೆದ ಅವಳ ದೊಡ್ಡಪ್ಪನ ಮಗ ನಮ್ಮ ಹಿಂದಿನ ರಸ್ತೆಯ ಪಿ.ಜಿ.ಯಲ್ಲಿದ್ದ. ರದ್ದಾದ ಸುದ್ದಿ ಕೇಳಿ ಅವನೂ ಎರಡು ದಿನ ಊಟ ಬಿಟ್ಟನಂತೆ. ಆದರೆ ಅವನಿಗೆ ಗಡುವು ಹಾಕಿದವರು ಯಾರೂ ಇರಲಿಲ್ಲ. ಈ ವ್ಯತ್ಯಾಸ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಸರ್ಕಾರಿ ನೌಕರಿಯಲ್ಲಿ ನ್ಯಾಯ ಎಂದ ಕೂಡಲೇ ಜನ ಲಂಚ, ಜಾತಿ, ವಶೀಲಿಗಳ ಮಾತಾಡುತ್ತಾರೆ. ಅವೂ ನಿಜವೇ. ಆದರೆ ಅನ್ಯಾಯವನ್ನು ಸರಿಪಡಿಸಲು ಹಿಡಿಯುವ ಕಾಲವೂ ಒಂದು ಅನ್ಯಾಯ, ಅದರ ಬೆಲೆಯನ್ನು ಹೆಚ್ಚಾಗಿ ತೆರುವವರು ನಮ್ಮ ಹೆಣ್ಣುಮಕ್ಕಳು ಎಂದು ಹೇಳುವವರು ಕಡಿಮೆ.

ಕಾಲ ಎಂದರೆ ಎಷ್ಟು ಎನ್ನುವಿರಾ? ಪಿ.ಎಸ್.ಐ. ಹಗರಣವನ್ನೇ ತೆಗೆದುಕೊಳ್ಳಿ. 545 ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು. 54 ಸಾವಿರಕ್ಕೂ ಹೆಚ್ಚು ಮಂದಿ ಬರೆದರು. 2022ರ ಜನವರಿಯಲ್ಲಿ ಆಯ್ಕೆಯಾದವರ ಪಟ್ಟಿ ಬಂತು. ಅದರ ಹಿಂದೆಯೇ ಗುಸುಗುಸು. ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಿಂದ ತನಿಖೆ ಶುರುವಾಯಿತು. ಉತ್ತರದ ಹಾಳೆಯನ್ನು ಅರ್ಧಕ್ಕರ್ಧ ಖಾಲಿ ಬಿಟ್ಟು ಎದ್ದು ಬಂದವರ ಹಾಳೆಗಳನ್ನು ಆಮೇಲೆ ತುಂಬಿಸಿದ್ದರು, ಇನ್ನು ಕೆಲವರಿಗೆ ಬ್ಲೂಟೂತ್ ಯಂತ್ರದ ಮೂಲಕ ಕಿವಿಗೇ ಉತ್ತರ ಹೇಳಿಕೊಟ್ಟಿದ್ದರು ಎಂದು ತನಿಖೆ ಮಾಡಿದವರು ಹೇಳಿದರು. ಏಪ್ರಿಲ್ 29ರಂದು ಸರ್ಕಾರ ಇಡೀ ಪರೀಕ್ಷೆಯನ್ನು ರದ್ದು ಮಾಡಿತು. ಜುಲೈ ತಿಂಗಳಲ್ಲಿ ಪೊಲೀಸ್ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯನ್ನೇ ಬಂಧಿಸಿದರು.

ರದ್ದು ಮಾಡಿದ್ದು ಸರಿ ಎನ್ನೋಣ. ಆದರೆ ಸ್ವಂತ ಬುದ್ಧಿಯಿಂದ ಬರೆದು ಪಟ್ಟಿಗೆ ಬಂದ ಮಕ್ಕಳೂ ಅದರಲ್ಲಿದ್ದರಲ್ಲ? ಅವರು ಕೋರ್ಟಿಗೆ ಹೋದರು. 2023ರ ನವೆಂಬರ್‌ನಲ್ಲಿ ಹೈಕೋರ್ಟು ಮರುಪರೀಕ್ಷೆಯೇ ಆಗಲಿ ಎಂದಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಲೆಕ್ಕ ಹಾಕಿ ನೋಡಿ. ಮೊದಲ ಪರೀಕ್ಷೆಯಿಂದ ಎರಡನೆಯದಕ್ಕೆ ಎರಡು ವರ್ಷ ಮೂರೂವರೆ ತಿಂಗಳು! ಅಪ್ಪ ಕೊಟ್ಟ ಎರಡು ವರ್ಷ ಅದರಲ್ಲೇ ಕರಗಿ ಹೋಯಿತು. ಈ ನಡುವೆ ಎಷ್ಟು ಹುಡುಗಿಯರಿಗೆ ಮದುವೆಯಾಯಿತೋ, ಎಷ್ಟು ಜನ ಕೈಗೂಸು ಎತ್ತಿಕೊಂಡು ಮರುಪರೀಕ್ಷೆಗೆ ಬಂದರೋ, ಎಷ್ಟು ಜನ ಬರಲೇ ಇಲ್ಲವೋ, ಆ ಲೆಕ್ಕವನ್ನು ಯಾವ ಕೋರ್ಟೂ ಕೇಳುವುದಿಲ್ಲ.

ಕೆ.ಎ.ಎಸ್. ಕಥೆ ಇನ್ನೂ ಉದ್ದ. 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆಯ ಮಾತು ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ. ಆಗ ಸಂದರ್ಶನಕ್ಕೆ 200 ಅಂಕ. ಬರೆದದ್ದರಲ್ಲಿ ಮುಂದಿದ್ದವರು ಸಂದರ್ಶನದಲ್ಲಿ ಹಿಂದೆ ಬಿದ್ದರು, ಹಿಂದಿದ್ದವರು ಮುಂದೆ ಬಂದರು ಎಂಬ ದೂರು ಎದ್ದಿತು. 2013ರಲ್ಲಿ ಸಿ.ಐ.ಡಿ. ತನಿಖೆಯಾಯಿತು. 2014ರ ಆಗಸ್ಟ್‌ನಲ್ಲಿ ಸರ್ಕಾರ ಪಟ್ಟಿಯನ್ನೇ ಕೈಬಿಟ್ಟಿತು. ಅಲ್ಲಿಂದ ನ್ಯಾಯಮಂಡಳಿ, ಹೈಕೋರ್ಟು, ಸುಪ್ರೀಂ ಕೋರ್ಟು. 2018ರ ಮಾರ್ಚ್‌ನಲ್ಲಿ ಹೈಕೋರ್ಟು ಆಯ್ಕೆ ಸರಿಯಿಲ್ಲ ಎಂದಿತು. 2022ರಲ್ಲಿ ವಿಧಾನಸಭೆಯಲ್ಲಿ ಹೊಸ ಕಾನೂನೇ ಮಾಡಿ ಆ ಆಯ್ಕೆಯನ್ನು ಊರ್ಜಿತಗೊಳಿಸಿದರು! ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡಲು ನಾನು ಯಾರು? ಆದರೆ 2011ರಲ್ಲಿ ಇಪ್ಪತ್ತೈದು ವರ್ಷದವಳಾಗಿದ್ದ ಹುಡುಗಿಗೆ 2022ರಲ್ಲಿ ಮೂವತ್ತಾರು. ಇಷ್ಟು ಮಾತ್ರ ನನಗೆ ತಿಳಿಯುತ್ತದೆ.

ಆ ಗಲಾಟೆಯಿಂದ ಒಂದು ಒಳ್ಳೆಯದಾಯಿತು ಅನ್ನಿ. ಸಂದರ್ಶನದ ಅಂಕ ಇಳಿಯುತ್ತ ಬಂದು ಈಗ 25ಕ್ಕೆ ನಿಂತಿದೆ. ಮುಚ್ಚಿದ ಬಾಗಿಲ ಹಿಂದೆ ಕೊಡುವ ಅಂಕ ಎಷ್ಟು ಕಡಿಮೆಯೋ ಅಷ್ಟು ನೆಮ್ಮದಿ. ಸಂದರ್ಶನವೇ ಬೇಡ ಎಂದು ನಾನು ಹೇಳುವುದಿಲ್ಲ. ಮನೆಗೆ ಸೊಸೆ ತರುವಾಗಲೂ ಜಾತಕ ನೋಡಿದ ಮೇಲೆ ನಾಲ್ಕು ಮಾತಾಡಿಸುತ್ತೇವೆ. ಆದರೆ ಆ ನಾಲ್ಕು ಮಾತಿನಲ್ಲಿ ಕೂತವರು ಏನು ನೋಡುತ್ತಾರೆ, ಏನು ನೋಡಬಾರದು ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ದೇಶದ ಅತಿ ದೊಡ್ಡ ನ್ಯಾಯಾಲಯದವರೆಗೂ ಒಯ್ದವರು ನಮ್ಮ ಕೊಡಗಿನ ಹೆಣ್ಣುಮಗಳು ಎಂಬುದು ನಿಮಗೆ ಗೊತ್ತೇ? ಚೋನಿರ ಬೆಳ್ಳಿಯಪ್ಪ ಮುತ್ತಮ್ಮ. ಸಿ.ಬಿ. ಮುತ್ತಮ್ಮ ಎಂದರೆ ಕೆಲವರಿಗಾದರೂ ನೆನಪಾದೀತು. ಮಹಡಿ ಮೇಲಿನ ಹುಡುಗಿಯರಿಗೆ ಇವರ ಹೆಸರು ಸಾಮಾನ್ಯ ಜ್ಞಾನದ ಒಂದು ಪ್ರಶ್ನೆ ಅಷ್ಟೆ: "ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಯಾರು?" ಉತ್ತರಕ್ಕೆ ಒಂದು ಅಂಕ. ಅವರ ಕಥೆ ಒಂದು ಅಂಕದ್ದಲ್ಲ.

ಮುತ್ತಮ್ಮನವರು 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದರು. ತಂದೆ ಅರಣ್ಯಾಧಿಕಾರಿ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ತಂದೆ ತೀರಿಹೋದರು. ನಾಲ್ಕು ಮಕ್ಕಳನ್ನೂ ಓದಿಸಲೇಬೇಕೆಂದು ಪಣ ತೊಟ್ಟು ಓದಿಸಿದವರು ತಾಯಿ. (ಇಂಥ ತಾಯಂದಿರ ಹೆಸರು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ, ನೋಡಿ!) ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು, ಇಂಗ್ಲಿಷಿನಲ್ಲಿ ಎಂ.ಎ. 1948ರಲ್ಲಿ ಯು.ಪಿ.ಎಸ್.ಸಿ. ಪರೀಕ್ಷೆ ಪಾಸು ಮಾಡಿದರು. ಸಂದರ್ಶನದಲ್ಲಿ ಕೂತವರು, ಇದು ಹೆಣ್ಣಿಗೆ ತಕ್ಕ ಕೆಲಸವಲ್ಲ ಎಂದು ಅವರ ಮನಸ್ಸು ಬದಲಿಸಲು ನೋಡಿದರಂತೆ. ಕಡಿಮೆ ಅಂಕವನ್ನೂ ಕೊಟ್ಟರಂತೆ. ಮುಂದೆ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಆದರೂ ಬರೆದ ಪರೀಕ್ಷೆಯ ಅಂಕಗಳು ಅವರನ್ನು ಕೈಬಿಡಲಿಲ್ಲ. 1949ರಲ್ಲಿ ಕೆಲಸಕ್ಕೆ ಸೇರಿದರು. ಸೇರುವಾಗ ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆದುಕೊಡಬೇಕಾಯಿತು.

ಇದು ಅವರೊಬ್ಬರ ಪಾಡಲ್ಲ. 1951ರಲ್ಲಿ ಐ.ಎ.ಎಸ್. ಸೇರಿದ ಕೇರಳದ ಅನ್ನಾ ರಾಜಂ ಅವರ ನೇಮಕದ ಪತ್ರದಲ್ಲೂ ಮದುವೆಯಾದರೆ ಕೆಲಸ ಹೋಗುತ್ತದೆ ಎಂಬ ಷರತ್ತಿತ್ತು. ಗಂಡಸಿಗೆ ಮದುವೆಯಾದರೆ ಬಡ್ತಿಯ ಜೊತೆಗೆ ದೊಡ್ಡ ಕ್ವಾರ್ಟರ್ಸು, ಹೆಂಗಸಿಗೆ ಮದುವೆಯಾದರೆ ಮನೆಗೆ!

ವಿದೇಶಾಂಗ ಸೇವೆಯಲ್ಲಂತೂ ಇದು ಬರಹದ ನಿಯಮವೇ ಆಗಿತ್ತು. 1961ರ ನಿಯಮಗಳ ಪ್ರಕಾರ ಮಹಿಳಾ ಅಧಿಕಾರಿ ಮದುವೆಯಾಗುವ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯ ಮೇಲೆ ಮನೆ ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಮದುವೆಯಾದ ಹೆಂಗಸಿಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ ಎಂದು ಇನ್ನೊಂದು ನಿಯಮ.

ಮುತ್ತಮ್ಮನವರು ಮದುವೆಯಾಗಲಿಲ್ಲ. ಹಾಗಾದರೆ ಅಡ್ಡಿಯೇನೂ ಇರಬಾರದಲ್ಲ? ಹಂಗೇರಿಗೆ ರಾಯಭಾರಿಯಾದರು, ಈ ಸೇವೆಯಿಂದಲೇ ಮೇಲೆ ಬಂದು ರಾಯಭಾರಿಯಾದ ಮೊದಲ ಭಾರತೀಯ ಮಹಿಳೆ ಅವರು. ಆಮೇಲೆ ಘಾನಾ ದೇಶಕ್ಕೆ. ಆದರೆ ಸೇವೆಯ ಮೇಲಿನ ದರ್ಜೆಗೆ ಬಡ್ತಿ ಕೊಡುವ ಸಮಯ ಬಂದಾಗ ಅವರಿಗೆ ಸಾಕಷ್ಟು ಅರ್ಹತೆ ಇಲ್ಲವೆಂದು ಬಿಟ್ಟರು. ಅವರಿಗಿಂತ ಕಿರಿಯರು ಮೇಲೆ ಹೋದರು. ಮೂವತ್ತು ವರ್ಷದ ಅನುಭವದವರಿಗೆ ಅರ್ಹತೆ ಇಲ್ಲ! ನಮ್ಮ ಕಡೆ ಹೇಳುವ ಹಾಗೆ, ಒಲೆ ಹಚ್ಚಿದವಳು ಒಬ್ಬಳು, ಊಟಕ್ಕೆ ಕೂತವರು ಇನ್ನೊಬ್ಬರು.

ಆ ಕಾಲದಲ್ಲಿ ಸೇವೆಯಲ್ಲಿದ್ದುಕೊಂಡೇ ಸರ್ಕಾರದ ಮೇಲೆ ಕೇಸು ಹಾಕುವುದು ಸಣ್ಣ ಮಾತಲ್ಲ. ಅವರು ಹಾಕಿದರು. ಹೆಂಗಸು ಎಂಬ ಕಾರಣಕ್ಕೇ ತನ್ನನ್ನು ತುಳಿಯಲಾಗಿದೆ, ಬಡ್ತಿ ನಿರ್ಧರಿಸುವವರ ಮನಸ್ಸಿನಲ್ಲೇ ಹೆಣ್ಣಿನ ಬಗ್ಗೆ ವಿರೋಧವಿದೆ ಎಂದು ಸುಪ್ರೀಂ ಕೋರ್ಟಿನಲ್ಲಿ ಹೇಳಿದರು. ಅರ್ಜಿ ವಿಚಾರಣೆಗೆ ಬರುವ ಹೊತ್ತಿಗೆ ಸರ್ಕಾರ ತಾನಾಗಿ ಅವರಿಗೆ ಬಡ್ತಿ ಕೊಟ್ಟುಬಿಟ್ಟಿತು. ಮದುವೆಯಾದವರಿಗೆ ನೇಮಕದ ಹಕ್ಕಿಲ್ಲ ಎಂಬ ನಿಯಮವನ್ನು 1973ರಲ್ಲೇ ತೆಗೆದಿದ್ದೇವೆ, ಇನ್ನೊಂದನ್ನೂ ತೆಗೆಯುತ್ತಿದ್ದೇವೆ ಎಂದು ಕೋರ್ಟಿಗೆ ತಿಳಿಸಿತು. 1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ಬಂತು. ಬಡ್ತಿ ಸಿಕ್ಕಿದ್ದರಿಂದ ಅರ್ಜಿಯನ್ನು ವಜಾ ಮಾಡುತ್ತೇವೆ, ಆದರೆ ಸಮಸ್ಯೆಯನ್ನು ವಜಾ ಮಾಡುವುದಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿ ಎನ್ನುವುದಾದರೆ ಗಂಡಸಿಗೂ ಸಂಸಾರವಿಲ್ಲವೇ ಎಂದು ನ್ಯಾಯಮೂರ್ತಿಗಳು ಕೇಳಿದರು. ಕಿರಿಯರು ಮೊದಲು ಮೇಲೆ ಹೋದದ್ದರಿಂದ ಇವರಿಗಾದ ಜ್ಯೇಷ್ಠತೆಯ ನಷ್ಟವನ್ನು ಮತ್ತೆ ಪರಿಶೀಲಿಸಬೇಕು, ಸೇವಾ ನಿಯಮಗಳಲ್ಲಿ ಗಂಡು ಹೆಣ್ಣೆಂಬ ಭೇದದ ಕಲೆ ಎಲ್ಲಿದ್ದರೂ ತೊಳೆಯಬೇಕು ಎಂದು ಸರ್ಕಾರಕ್ಕೆ ಹೇಳಿದರು.

ಜ್ಯೇಷ್ಠತೆ ಎಂಬುದು ನಮಗೆ ಅರ್ಥವಾಗದ ವಿಷಯವೇನಲ್ಲ. ಮನೆಗೆ ಮೊದಲು ಬಂದ ಸೊಸೆಗೂ ಆಮೇಲೆ ಬಂದ ಸೊಸೆಗೂ ನಡುವೆ ಎಷ್ಟೆಲ್ಲ ನಡೆಯುತ್ತದೆ! ಕಚೇರಿಯಲ್ಲಿ ಅದು ಕಾಗದದ ಮೇಲಿರುತ್ತದೆ. ಆರು ತಿಂಗಳು ತಡವಾಗಿ ಬಡ್ತಿ ಸಿಕ್ಕರೆ, ಮುಂದಿನ ಬಡ್ತಿಯ ಸಾಲಿನಲ್ಲೂ ಹಿಂದೆ, ಅದರ ಮುಂದಿನದಕ್ಕೂ ಹಿಂದೆ. ಹಾಗೆ ತಡವಾದವಳು ನಿವೃತ್ತಿಯಾಗುವವರೆಗೂ ತಡವೇ.

ಮುತ್ತಮ್ಮನವರು ಆಮೇಲೆ ನೆದರ್ಲೆಂಡ್ಸ್ ರಾಯಭಾರಿಯಾಗಿ ಹೋಗಿ 1982ರಲ್ಲಿ ನಿವೃತ್ತರಾದರು. 2009ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ದೆಹಲಿಯಲ್ಲಿದ್ದ ತಮ್ಮ ಜಮೀನನ್ನು ಅನಾಥ ಮಕ್ಕಳಿಗಾಗಿ ಮದರ್ ತೆರೇಸಾ ಅವರ ಸಂಸ್ಥೆಗೆ ಕೊಟ್ಟಿದ್ದರು. ನಮ್ಮ ಪತ್ರಿಕೆಯ ಓದುಗರಿಗೆ ಇನ್ನೊಂದು ಸಂತೋಷದ ಸಂಗತಿ: ಕೊಡವರ ಅಡುಗೆಯ ಬಗ್ಗೆ ಇನ್ನೊಬ್ಬರ ಜೊತೆ ಸೇರಿ ಒಂದು ಪುಸ್ತಕವನ್ನೂ ಬರೆದರು. ಕೋರ್ಟಿನಲ್ಲಿ ಸರ್ಕಾರವನ್ನು ಪ್ರಶ್ನಿಸಿದ ಕೈ ಕಡುಬಿನ ಅಳತೆಯನ್ನೂ ಬರೆಯಬಲ್ಲದು ಎಂದು ಓದಿದಾಗ ನನಗೆ ಯಾಕೋ ಬಹಳ ಹಿತವಾಯಿತು.

ಈಗ ಕಾಲ ಬದಲಾಗಿದೆ, ಒಪ್ಪುತ್ತೇನೆ. ಕರ್ನಾಟಕ ಸರ್ಕಾರದ ಹುದ್ದೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಮಹಿಳೆಯರಿಗೆ ಮೀಸಲು. 2000ದ ಇಸವಿಯಲ್ಲಿ ತೆರೇಸಾ ಭಟ್ಟಾಚಾರ್ಯ ಅವರು ರಾಜ್ಯದ ಮೊದಲ ಮಹಿಳಾ ಮುಖ್ಯ ಕಾರ್ಯದರ್ಶಿಯಾದರು. 2024ರ ಆಗಸ್ಟ್‌ನಲ್ಲಿ ಶಾಲಿನಿ ರಜನೀಶ್ ಅವರು ಆ ಕುರ್ಚಿಗೆ ಬಂದಾಗ, ಅದನ್ನು ಬಿಟ್ಟು ಎದ್ದವರು ಅವರ ಯಜಮಾನರೇ! ಮುತ್ತಮ್ಮನವರು ಇದ್ದಿದ್ದರೆ ನಕ್ಕಿರುತ್ತಿದ್ದರು.

ಸಂದರ್ಶನವಿಲ್ಲದೆ, ವಶೀಲಿಯಿಲ್ಲದೆ ಕೆಲಸ ಕೊಡಲು ಸಾಧ್ಯವೇ ಇಲ್ಲವೇ? ಸಾಧ್ಯ. ನಮ್ಮ ರಾಜ್ಯದಲ್ಲೇ ಆಗಿದೆ. ನಲವತ್ತು ದಾಟಿದವರು ನೆನಪು ಮಾಡಿಕೊಳ್ಳಿ. 1994ರಿಂದ 1999ರವರೆಗೆ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದರು. ಕೊಪ್ಪ ಕಡೆಯವರು, ಶೃಂಗೇರಿಯ ಶಾಸಕರು. ಅವರ ಕಾಲದಲ್ಲಿ ಪ್ರಾಥಮಿಕ ಶಾಲೆಗಳಿಗೆ ಸಾವಿರ ಸಾವಿರ ಶಿಕ್ಷಕರ ನೇಮಕವಾಯಿತು. ಲಕ್ಷದಷ್ಟು ಎಂದು ಜನ ಇಂದಿಗೂ ಹೇಳುತ್ತಾರೆ. ಅಂಕಗಳ ಪಟ್ಟಿ, ಮೀಸಲಾತಿಯ ಪಟ್ಟಿ, ಅದರಂತೆ ಆದೇಶ, ಅಷ್ಟೆ. ನಮ್ಮ ಚಿಕ್ಕಮ್ಮನ ಊರಿನಲ್ಲಿ ಒಬ್ಬ ಬಡ ದರ್ಜಿಯ ಮಗಳಿಗೆ ಆಗ ಆದೇಶ ಬಂದಾಗ ಊರಿನವರು ನಂಬಲಿಲ್ಲವಂತೆ. "ಯಾರಿಗೆ ಎಷ್ಟು ಕೊಟ್ಟೆ?" ಎಂದು ಅವಳ ಅಪ್ಪನನ್ನು ಕೇಳಿದವರೇ ಎಲ್ಲ. ಕೊಡಲು ಅವನಲ್ಲಿ ಹೊಲಿಗೆ ಯಂತ್ರ ಬಿಟ್ಟರೆ ಬೇರೇನಿತ್ತು? ಆ ಟೀಚರ್ ಈಗ ನಿವೃತ್ತಿಯ ಹತ್ತಿರ ಬಂದಿದ್ದಾರೆ. 2016ರಲ್ಲಿ ಗೋವಿಂದೇಗೌಡರು ತೀರಿಕೊಂಡಾಗ, ತಮ್ಮ ಮನೆಯವರನ್ನು ಕಳೆದುಕೊಂಡ ಹಾಗೆ ಅತ್ತರೆಂದು ಚಿಕ್ಕಮ್ಮ ಹೇಳುತ್ತಿದ್ದರು.

ಇಲ್ಲಿ ಒಂದು ಮಾತು ಬಂದೇ ಬರುತ್ತದೆ. ಮಹಿಳಾ ಸಮಾಜದಲ್ಲಿ ಕೂತಾಗ ನಾನೂ ಕೇಳಿದ್ದೇನೆ. "ಅಂಕವೇ ನ್ಯಾಯ ಅಂದಮೇಲೆ ಮೀಸಲಾತಿ ಯಾಕ್ರೀ?" ಈ ಜಗಳ ನಮ್ಮ ನಿಮ್ಮ ಕಾಲದ್ದಲ್ಲ, ನೂರು ವರ್ಷದ್ದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿದರು. ಮೈಸೂರು ಸಂಸ್ಥಾನದ ನೌಕರಿಗಳಲ್ಲಿ ಬ್ರಾಹ್ಮಣರೇ ತುಂಬಿದ್ದರು, ಬೇರೆಯವರಿಗೂ ಪಾಲು ಬೇಕೆಂಬ ಕೂಗು ಎದ್ದಿತ್ತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಯೋಗ್ಯತೆಯೇ ಅಳತೆಗೋಲು ಎಂಬುದು ಅವರ ನಿಲುವು. ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು. ಮಹಾರಾಜರೂ ದೊಡ್ಡವರು, ವಿಶ್ವೇಶ್ವರಯ್ಯನವರೂ ದೊಡ್ಡವರು. ಇಬ್ಬರ ಫೋಟೋವನ್ನೂ ಒಂದೇ ಗೋಡೆಗೆ ತೂಗುಹಾಕಿದ ಮನೆ ನಮ್ಮದು.

ಬಸವೇಶ್ವರನಗರದಲ್ಲಿ ಹಾವನೂರು ಸರ್ಕಲ್ ಎಂದಿದೆ. ಬಸ್ಸಿನಲ್ಲಿ ಕಂಡಕ್ಟರ್ ಆ ಹೆಸರು ಕೂಗಿದಾಗಲೆಲ್ಲ ನನಗೆ ಎಲ್.ಜಿ. ಹಾವನೂರರ ನೆನಪು ಬರುತ್ತದೆ. 1972ರಲ್ಲಿ ದೇವರಾಜ ಅರಸರು ನೇಮಿಸಿದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರು ಅವರು. 1975ರಲ್ಲಿ ವರದಿ ಕೊಟ್ಟರು. ಕೆಲಸದ ಬಾಗಿಲನ್ನೇ ಕಾಣದಿದ್ದ ಎಷ್ಟೋ ಮನೆಗಳ ಮಕ್ಕಳು ಆಮೇಲೆ ಗುಮಾಸ್ತರಾದರು, ತಹಸೀಲ್ದಾರರಾದರು.

ಬಡ್ತಿಯಲ್ಲಿ ಮೀಸಲಾತಿಯ ಜಗಳ ಇನ್ನೂ ಸೂಕ್ಷ್ಮ. ನಮ್ಮ ರಾಜ್ಯದಲ್ಲಿ 1978ರಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಬಡ್ತಿಯಲ್ಲೂ ಮೀಸಲಾತಿ ಇದೆ. ಹಾಗೆ ಮೊದಲು ಬಡ್ತಿ ಪಡೆದವರಿಗೆ ಜ್ಯೇಷ್ಠತೆಯೂ ಸಿಗಬೇಕೆಂದು 2002ರಲ್ಲಿ ಕಾನೂನಾಯಿತು. ಬಿ.ಕೆ. ಪವಿತ್ರ ಎಂಬುವರ ಹೆಸರಿನ ಮೊಕದ್ದಮೆಯಲ್ಲಿ 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಇದಕ್ಕೆ ಅಂಕಿ ಅಂಶ ಎಲ್ಲಿ ಎಂದು ಕೇಳಿ ಆ ಕಾನೂನನ್ನು ಬದಿಗಿಟ್ಟಿತು. ಸರ್ಕಾರ ಹಿರಿಯ ಅಧಿಕಾರಿ ರತ್ನಪ್ರಭಾ ಅವರ ಸಮಿತಿ ಮಾಡಿ, ಯಾವ ಇಲಾಖೆಯಲ್ಲಿ ಯಾರು ಎಷ್ಟಿದ್ದಾರೆಂದು ಲೆಕ್ಕ ಹಾಕಿಸಿ, ಹೊಸ ಕಾನೂನು ತಂದಿತು. 2019ರ ಮೇ 10ರಂದು ಅದೇ ಕೋರ್ಟು ಅದನ್ನು ಎತ್ತಿಹಿಡಿಯಿತು. ಸಮಾಜದ ಎಲ್ಲರೂ ಇರುವ ಆಡಳಿತವೇ ದಕ್ಷ ಆಡಳಿತ, ದಕ್ಷತೆಯನ್ನು ಬರೀ ಅಂಕದಿಂದ ಅಳೆಯಲಾಗದು ಎಂಬುದು ಅದರ ಸಾರ. ನಮ್ಮವರು ಇದನ್ನು ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ. ಊಟದ ಹೊತ್ತಿಗೆ ಈ ಮಾತು ತೆಗೆಯುವುದಿಲ್ಲ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದೇವೆ! ಮುತ್ತಮ್ಮನವರಿಗೆ ಬೇಕಾಗಿದ್ದ ನ್ಯಾಯಕ್ಕೂ ಕೇರಿಯ ಹುಡುಗಿಗೆ ಬೇಕಾದ ನ್ಯಾಯಕ್ಕೂ ಬೇರು ಒಂದೇ ಎಂದು ನನಗೆ ಕಾಣುತ್ತದೆ. ಇಬ್ಬರ ಯೋಗ್ಯತೆಯನ್ನೂ ಅಳೆಯುವ ಮುಂಚೆಯೇ, ಹುಟ್ಟನ್ನು ನೋಡಿ ತೀರ್ಮಾನ ಮಾಡಿದವರಿದ್ದರು.

ಭಾಷೆಯ ಅನ್ಯಾಯವೂ ಇದೆ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪ್ರಿಲಿಮ್ಸ್ ನಡೆಯಿತು. ಪ್ರಶ್ನೆಗಳ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ, ಮುಖ್ಯಮಂತ್ರಿಗಳೇ ಮರುಪರೀಕ್ಷೆ ಮಾಡಿಸಿ ಎಂದರು. ಡಿಸೆಂಬರ್ 29ರಂದು ಮತ್ತೆ ನಡೆಯಿತು. ಮತ್ತೆ ಅದೇ ದೂರು! ಇಂಗ್ಲಿಷ್ ಬಲ್ಲವರು ಪಕ್ಕದ ಸಾಲು ಓದಿ ಅರ್ಥ ಮಾಡಿಕೊಂಡಾರು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗಿ ಏನು ಮಾಡಬೇಕು? ಕರ್ನಾಟಕದ ಅಧಿಕಾರಿಯಾಗಲು ಕನ್ನಡದಲ್ಲಿ ಓದಿದ್ದೇ ತಪ್ಪಾಯಿತೇ? ಈ ಪ್ರಶ್ನೆಗೆ ಪಾಪ, ಮಹಡಿ ಮೇಲಿನ ಹುಡುಗಿಯರ ಯಾವ ಗೈಡಿನಲ್ಲೂ ಉತ್ತರವಿಲ್ಲ.

ಮಕ್ಕಳನ್ನು ಕಳಿಸುವ ತಾಯಂದಿರಿಗೆ, ಕಂಡದ್ದರಿಂದ ಕೆಲವು ಮಾತು. ಮೊದಲನೆಯದು ಕಾಗದಪತ್ರ. ಗ್ರಾಮೀಣ ಅಭ್ಯರ್ಥಿ, ಕನ್ನಡ ಮಾಧ್ಯಮ, ಜಾತಿ ಮತ್ತು ಆದಾಯ, ಕಲ್ಯಾಣ ಕರ್ನಾಟಕದ ಜಿಲ್ಲೆಯವರಾದರೆ 371-ಜೆ ಪ್ರಮಾಣಪತ್ರ, ಇವೆಲ್ಲ ಅರ್ಜಿಯ ಕೊನೆಯ ದಿನದೊಳಗೆ ಕೈಯಲ್ಲಿರಬೇಕು. ಪಾಸಾದ ಮೇಲೆ ಮಾಡಿಸಿದರಾಯಿತು ಎಂದು ಬಿಟ್ಟು, ಸಿಗಬೇಕಾದ ಮೀಸಲಾತಿ ಕಳೆದುಕೊಂಡು ಅತ್ತವರನ್ನು ನೋಡಿದ್ದೇನೆ. ಹೆಸರು, ಇನಿಷಿಯಲ್ ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡಿನಲ್ಲಿದ್ದ ಹಾಗೇ ಇರಲಿ. ಮದುವೆಯಾದ ಹುಡುಗಿಯರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಪರೀಕ್ಷೆ ಮುಗಿದ ಮೇಲೆ ಕೊಡುವ ಓ.ಎಂ.ಆರ್. ಹಾಳೆಯ ಪ್ರತಿಯನ್ನು ಸೀರೆಯ ಮಡಿಕೆಯಲ್ಲಿಟ್ಟ ಒಡವೆಯ ಹಾಗೆ ಜೋಪಾನ ಮಾಡಿ. ಸರಿಯುತ್ತರಗಳನ್ನು ಪ್ರಕಟಿಸಿದಾಗ ಆಕ್ಷೇಪಣೆಗೆ ಕೆಲವೇ ದಿನ ಕೊಡುತ್ತಾರೆ, ಆ ದಿನಗಳಲ್ಲಿ ಮಗಳನ್ನು ಮದುವೆ ಮುಂಜಿ ಎಂದು ಊರಿಗೆ ಕರೆಸಬೇಡಿ. ಅನ್ಯಾಯವಾಗಿದೆ ಎನ್ನಿಸಿದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ನೇಮಕಾತಿ, ಬಡ್ತಿಯ ತಕರಾರುಗಳನ್ನು ಕೇಳಲೆಂದೇ 1986ರಿಂದ ಕರ್ನಾಟಕ ಆಡಳಿತ ನ್ಯಾಯಮಂಡಳಿ ಇದೆ. ಕೆ.ಎ.ಟಿ. ಎನ್ನುತ್ತಾರೆ. ಬೆಳಗಾವಿ, ಕಲಬುರಗಿಗಳಲ್ಲೂ ಅದರ ಪೀಠಗಳಿವೆ, ಎಲ್ಲದಕ್ಕೂ ಬೆಂಗಳೂರಿಗೇ ಓಡಿ ಬರಬೇಕಾಗಿಲ್ಲ.

ಇನ್ನು "ಒಳಗೆ ನಮ್ಮವರಿದ್ದಾರೆ, ಇಷ್ಟು ಕೊಡಿ, ಆಗುತ್ತೆ" ಎನ್ನುವವರು. ನಿಮ್ಮ ಮನೆಗೂ ಬರುತ್ತಾರೆ, ಕಾಫಿ ಕುಡಿದು, ದೇವರ ಮೇಲೆ ಆಣೆ ಇಟ್ಟು ಹೇಳುತ್ತಾರೆ. ಹೊಲ ಮಾರಿ ಕೊಟ್ಟವರ ಮಕ್ಕಳು ಪಿ.ಎಸ್.ಐ. ಪ್ರಕರಣದಲ್ಲಿ ಜೈಲಿಗೆ ಹೋದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 2023ರಲ್ಲಿ ರಾಜ್ಯ ತಂದ ಹೊಸ ಕಾನೂನಿನಲ್ಲಿ 10 ಕೋಟಿ ರೂಪಾಯಿವರೆಗೂ ದಂಡ ಹಾಕಬಹುದು. ಕೊಟ್ಟವರೂ ತಪ್ಪಿತಸ್ಥರೇ. ಅಂಥವರಿಗೆ ಕಾಫಿಯನ್ನೂ ಕೊಡಬೇಡಿ.

ಕೊನೆಯದು ಗಡುವಿನ ವಿಚಾರ. ಮಗಳಿಗೆ ವರ್ಷಗಳ ಲೆಕ್ಕದಲ್ಲಿ ಗಡುವು ಕೊಡಬೇಡಿ. ಕೊಡಲೇಬೇಕೆಂದರೆ ಪರೀಕ್ಷೆಗಳ ಲೆಕ್ಕದಲ್ಲಿ ಕೊಡಿ. "ಮೂರು ಪರೀಕ್ಷೆ ಬರಿ" ಎನ್ನಿ. ರದ್ದಾದ ಪರೀಕ್ಷೆ ಲೆಕ್ಕಕ್ಕಿಲ್ಲ. ಸರ್ಕಾರ ಕಳೆದ ದಿನಗಳನ್ನು ಅವಳ ಆಯುಸ್ಸಿನಿಂದ ಕಳೆಯುವುದು ಯಾವ ನ್ಯಾಯ?

ಅವರೆಕಾಯಿ ಬಿಡಿಸಿದ ಆ ಸಂಜೆ ನಾನೇ ಸಿಂಧನೂರಿಗೆ ಫೋನ್ ಮಾಡಿ ಅವಳ ತಾಯಿಗೆ ಇಷ್ಟನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಕ್ಕಾರ, ಇವರಿಗೆ ನಾ ಹೇಳಿದ್ರ ಕೇಳಂಗಿಲ್ರೀ. ನಿಮ್ಮ ಮನಿಯವರ ಕಡೆಯಿಂದ ಒಂದು ಮಾತು ಹೇಳಸ್ರೀ" ಎಂದರು. ಮೀಸಲಾತಿಯ ವಿಷಯದಲ್ಲಿ ನನ್ನ ಜೊತೆ ಜಗಳವಾಡುವ ನಮ್ಮವರು ಈ ವಿಷಯದಲ್ಲಿ ಮರುಮಾತಾಡದೆ ಫೋನ್ ತೆಗೆದುಕೊಂಡು ವರಾಂಡಕ್ಕೆ ಹೋದರು. ಗಂಡಸರಿಬ್ಬರೂ ಅರ್ಧ ಗಂಟೆ ಏನು ಮಾತಾಡಿದರೋ, ಹೆಚ್ಚಿನದೆಲ್ಲ ಮಳೆ ಬೆಳೆಯ ಮಾತೇ ಕೇಳಿಸುತ್ತಿತ್ತು. ಒಳಗೆ ಬಂದವರು, "ಇನ್ನೊಂದು ಪರೀಕ್ಷೆ ಬರೀಲಿ ಅಂದ್ರು. ರದ್ದಾದದ್ದು ಲೆಕ್ಕಕ್ಕಿಲ್ಲ ಅಂತ ನಾನೂ ಹೇಳಿದೆ" ಎಂದರು.

ಅವಳು ಮೆಟ್ಟಿಲ ಮೇಲೆ ನಿಂತೇ ಕೇಳಿಸಿಕೊಂಡಿದ್ದಳು. ಏನೂ ಅನ್ನದೆ ಮೇಲೆ ಹೋಗಿ ಪುಸ್ತಕ ತೆಗೆದಳು. ಬಿಡಿಸಿದ ಅವರೆಕಾಳು ಮಾರನೆಯ ದಿನ ಉಪ್ಪಿಟ್ಟಾಯಿತು. ಒಂದು ತಟ್ಟೆ ಮೇಲಕ್ಕೂ ಕಳಿಸಿದೆ.